ಧಾತು–ಈಶ್ವರ ಬರದ ಪರಿಹಾರ: ಅರ್ಹತೆಯ ಅಳತೆಗಳು

ಹಳೆಯ ಮೈಸೂರು ಸೀಮೆಯ ಜನ ತಮ್ಮ ಮಹಾಕ್ಷಾಮವನ್ನು ಇಸವಿಯಿಂದಲ್ಲ, ಸಂವತ್ಸರದಿಂದ ಗುರುತಿಸಿದರು. 1876–77 ಧಾತು, 1877–78 ಈಶ್ವರ. ಎರಡೂ ಕೂಡಿ ‘ಧಾತು ಈಶ್ವರದ ಬರ’. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಈ ಬರದ ಕಾರಣಗಳೂ ಸಾವುನೋವಿನ ಲೆಕ್ಕವೂ ಇತಿಹಾಸಕಾರರ ಚರ್ಚೆಗೆ ಒಳಗಾಗಿವೆ. ಸರ್ಕಾರದ ನೆರವು ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಯಾವ ಅಳತೆಯಿಂದ ನಿರ್ಧರಿಸಲಾಯಿತು, ಆ ಅಳತೆಯನ್ನು ಹಳ್ಳಿಯ ಮೌಲ್ಯವ್ಯವಸ್ಥೆ ಹೇಗೆ ಕಂಡಿರಬೇಕು ಎಂಬುದು ಪ್ರಸ್ತುತ ಪ್ರಬಂಧದ ವಿಷಯ.

ಮೊದಲ ಅಳತೆ ದೇಹ. ಶಕ್ತರಾದವರು ದುಡಿದೇ ಪಡೆಯಬೇಕು, ಅಶಕ್ತರಿಗೆ ಮಾತ್ರ ಉಚಿತ ನೆರವು ಎಂಬುದು ಅಂದಿನ ಆಡಳಿತದ ಮೂಲಸೂತ್ರ. ಬಳ್ಳಾರಿ ಮದರಾಸಿಗೂ ಧಾರವಾಡ, ಕಲಾದಗಿಗಳು ಮುಂಬಯಿಗೂ ಸೇರಿದ್ದ ಕಾಲವದು. ಆ ಎರಡು ಆಧಿಪತ್ಯಗಳಲ್ಲಿ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದನು. ಹೆಂಗಸರಿಗೂ ದುಡಿಯುವ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದೂವರೆ ಪೌಂಡಿಗಿಂತ ಕಡಿಮೆ ಧಾನ್ಯದಲ್ಲಿ ದುಡಿಯುವ ದೇಹ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ ಮೇಲೆ, ಮಾರ್ಚಿಯಲ್ಲಿ ಅಲ್ಲಿ ಒಂದೂಕಾಲು ಪೌಂಡಿಗೆ ಏರಿಸಿ ಸ್ವಲ್ಪ ಬೇಳೆಯನ್ನೂ ಸೇರಿಸಲಾಯಿತು. ಕಾಲು ಪೌಂಡಿನ ಈ ಜಗಳ ಇಂದು ಓದುವವರಿಗೆ ಕ್ಷುಲ್ಲಕವೆನಿಸೀತು. ಕಲ್ಲು ಹೊತ್ತವರಿಗೆ ಹಾಗಿರಲಿಲ್ಲ. ಮೈಸೂರಿನಲ್ಲಿ ಗಂಜಿಮನೆಗಳು ಹೆಚ್ಚಾಗಿವೆಯೆಂಬ ಆಕ್ಷೇಪವಿದ್ದಿತು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಭೇಟಿ ನೀಡಿದ ಬಳಿಕ ಎಲಿಯಟ್ ಕ್ಷಾಮ ಕಮಿಷನರನಾಗಿ ಬಂದು, ಶಕ್ತರನ್ನು ದೊಡ್ಡ ಕಾಮಗಾರಿಗಳತ್ತ ತಿರುಗಿಸಿದನು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣುಕೆಲಸ ಹೀಗೆ ಬರದವರ ಕೈಯಿಂದ ಆರಂಭವಾಯಿತು.

ಎರಡನೆಯ ಅಳತೆ ಹೆಚ್ಚು ಸೂಕ್ಷ್ಮವಾದುದು. ಬೇಯಿಸಿದ ಅನ್ನವನ್ನು ಸಾಲಿನಲ್ಲಿ ಕೂತು ಉಣ್ಣಲು ಒಪ್ಪುವವನೇ ನಿಜವಾದ ಹಸಿದವನು, ಒಪ್ಪದವನಿಗೆ ಅಷ್ಟು ಅಗತ್ಯವಿಲ್ಲ ಎಂಬ ತರ್ಕದಲ್ಲಿ ಗಂಜಿಮನೆಯೇ ಪರೀಕ್ಷೆಯೂ ಆಗಿತ್ತು. ಈ ತರ್ಕ ನಮ್ಮ ಗ್ರಾಮಜೀವನದ ಒಂದು ಮುಖ್ಯ ಭೇದವನ್ನು ಗಮನಿಸಲಿಲ್ಲ. ನಮ್ಮಲ್ಲಿ ‘ಪಡಿ’ ಬೇರೆ, ‘ಗಂಜಿ’ ಬೇರೆ. ಪಡಿಯೆಂದರೆ ಅಳೆದು ಕೊಟ್ಟ ಹಸಿ ಧಾನ್ಯ. ಅದು ಮನೆಗೆ ಬರುತ್ತದೆ, ಮನೆಯ ಒಲೆಯ ಮೇಲೆ ಬೇಯುತ್ತದೆ, ಪಡೆದವರ ಮರ್ಯಾದೆ ಹೊಸ್ತಿಲೊಳಗೆ ಉಳಿಯುತ್ತದೆ. ಗಂಜಿಗಾದರೋ ಮನುಷ್ಯನೇ ಹೊರಗೆ ನಡೆಯಬೇಕು, ಯಾರು ಬೇಯಿಸಿದರೋ ಯಾರ ಪಕ್ಕ ಕೂತೆನೋ ಎಂಬುದು ಊರಿಗೆ ಕಾಣಬೇಕು. ಜಾತಿಯ ಕಟ್ಟಳೆ ಇದರಲ್ಲಿ ಇಲ್ಲವೆಂದಲ್ಲ. ಅದು ಗಟ್ಟಿಯಾಗಿಯೇ ಇದೆ, ಅದನ್ನು ಮರ್ಯಾದೆಯೆಂಬ ಹೆಸರಿನಲ್ಲಿ ಮರೆಮಾಚಬೇಕಾಗಿಲ್ಲ. ಆದರೆ ಹಿಂಜರಿದವರು ಹಸಿದಿರಲಿಲ್ಲವೆಂಬ ನಿರ್ಣಯ ಮಾತ್ರ ತಪ್ಪು.

ಇನ್ನೊಂದು ವರ್ಗದ ಸ್ಥಿತಿ ವಿಶೇಷ ಗಮನಕ್ಕೆ ಅರ್ಹ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರು ಕಣದಲ್ಲಿ ರಾಶಿಯಾದಾಗ ‘ಆಯ’ವನ್ನು ಹಕ್ಕಿನಿಂದ ಪಡೆಯುತ್ತಿದ್ದವರು, ಬೇಡಿ ಅಲ್ಲ. ರಾಶಿಯೇ ಇಲ್ಲದ ವರ್ಷ ಈ ಹಕ್ಕಿಗೆ ನೆಲೆಯೇ ಉಳಿಯಲಿಲ್ಲ. ದೇಹದಿಂದ ಶಕ್ತರಾದ್ದರಿಂದ ಉಚಿತ ನೆರವಿಲ್ಲ. ಮಣ್ಣು ಹೊರುವುದು ಅವರ ಕಸುಬಲ್ಲ. 1880ರ ಕ್ಷಾಮ ಆಯೋಗವು ನೇಕಾರರೇ ಮೊದಲಾದ ಕಸುಬುದಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡುವ ದಾರಿಯನ್ನು ಪರಿಗಣಿಸಿತು. ಕುರುಡರು, ಅಂಗವಿಕಲರು, ಮುದುಕರು, ರೋಗಿಗಳನ್ನೂ ಶಿಶುಗಳನ್ನೂ ಬಿಟ್ಟು ಬರಲಾಗದವರು, ಹೊರಗೆ ಬಾರದ ಹೆಂಗಸರು, ಇವರಿಗೆ ಊರಿನಲ್ಲಿಯೇ ನೆರವು ಮುಟ್ಟಬೇಕೆಂಬ ವಿಂಗಡಣೆಯೂ ಅಲ್ಲಿಂದ ಹೊರಟು 1883ರ ಕ್ಷಾಮ ಸಂಹಿತೆಯಲ್ಲಿ ಸೇರಿತು. ಪಡಿಯ ನ್ಯಾಯ ತಡವಾಗಿಯಾದರೂ ಸರ್ಕಾರಿ ಕಾಗದಕ್ಕೆ ಬಂದದ್ದು ಹೀಗೆ.

ಮಳೆ ಬಂದ ಮೇಲೆ ಬೇಕಾದದ್ದು ಬದುಕನ್ನು ಮತ್ತೆ ಹೂಡಲು ಕೈಗಾಸು. ಲಂಡನ್ನಿನ ಮೇಯರನ ನಿಧಿಯಿಂದ ಬಂದ ಹಣ ಮೈಸೂರಿನಲ್ಲಿಯೂ ಬಿತ್ತನೆಬೀಜ, ಎತ್ತು, ಮನೆಯ ಮಾಡುಗಳಿಗೆ ವಿನಿಯೋಗವಾಯಿತು. ಮುಂದೆ 1883 ಮತ್ತು 1884ರ ಕಾಯ್ದೆಗಳು ಬ್ರಿಟಿಷ್ ಪ್ರಾಂತ್ಯಗಳಲ್ಲಿ ತಗಾವಿ ಸಾಲವನ್ನು ಕ್ರಮಬದ್ಧಗೊಳಿಸಿದವು. ಇಲ್ಲಿ ಅರ್ಹತೆ ದೇಹದಿಂದ ಹೊಲಕ್ಕೆ ಜರುಗಿತು. ಬಿತ್ತುವ ನೆಲವಿಲ್ಲದವನಿಗೆ ಬೀಜದ ಹಣ ಯಾಕೆ ಎಂಬ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿರಲಿಲ್ಲ.

ಈ ಮೂರನೆಯ ಅಳತೆ ಇಂದಿಗೂ ಬದುಕಿದೆ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ಬೆಳೆನಷ್ಟ ಪರಿಹಾರದ ಮೊದಲ ಕಂತಾಗಿ 2024ರ ಆರಂಭದಲ್ಲಿ ರೈತರಿಗೆ 2,000 ರೂಪಾಯಿವರೆಗೆ ನೇರವಾಗಿ ಬ್ಯಾಂಕು ಖಾತೆಗೆ ಸಂದಿತು. ಹೆಸರು ‘ಫ್ರೂಟ್ಸ್’ ದತ್ತಾಂಶದಲ್ಲಿರಬೇಕು, ಅದಕ್ಕೆ ಪಹಣಿ ಆಧಾರ. ಬಾಯಿಮಾತಿನ ಕೋರಿಗೆ ಬಿತ್ತಿದವನೂ, ಆ ಹೊಲದಲ್ಲಿ ಕಳೆ ತೆಗೆಯುವ ಕೂಲಿಯೂ ಈ ಕಂತಿನ ಲೆಕ್ಕದ ಹೊರಗೆ.

ಗಂಜಿಮನೆಯ ಮಾತಿಗೆ ಮರಳುವುದಾದರೆ, ಆ ಪದ ನೂರ ಮೂವತ್ತು ವರ್ಷಗಳ ತರುವಾಯವೂ ಅಳಿದಿರಲಿಲ್ಲ. 2009ರ ಉತ್ತರ ಕರ್ನಾಟಕದ ನೆರೆಯಲ್ಲಿ ನಿರಾಶ್ರಿತರ ಬಿಡಾರಗಳನ್ನು ಪತ್ರಿಕೆಗಳು ‘ಗಂಜಿ ಕೇಂದ್ರ’ ಎಂದೇ ಕರೆದವು, ಅಲ್ಲಿ ಬಡಿಸಿದ್ದು ಗಂಜಿಯಲ್ಲದಿದ್ದರೂ. ಈಚಿನ ನೆರೆಗಳಲ್ಲಿ ಸರ್ಕಾರ ಬಳಸುತ್ತಿರುವ ಹೆಸರು ‘ಕಾಳಜಿ ಕೇಂದ್ರ’. ಆಡುಮಾತಿನಲ್ಲಿ ಮಾತ್ರ ಹಳೆಯ ಹೆಸರು ಇನ್ನೂ ಕೇಳಿಬರುತ್ತದೆ.