ಒಮಾನಿನಲ್ಲಿ ನೆಲೆ: ಬನಿಯಾ ವರ್ತಕರಿಂದ ರೆಸಿಡೆಂಟ್ ಕಾರ್ಡಿನವರೆಗೆ

ಈಚೆಗೆ ಸಂಘದ ಯಾವ ಮನೆಗೆ ಹೋದರೂ ಒಂದು ಪ್ರಶ್ನೆ ಎದುರಾಗುತ್ತದೆ: ಇಪ್ಪತ್ತು ವರ್ಷ ಇಲ್ಲಿ ದುಡಿದವರಿಗೆ ಖಾಯಂ ವಾಸದ ಹಕ್ಕು ಸಿಗುವುದೇ? ಉತ್ತರವನ್ನು ಸರ್ಕಾರಿ ಪ್ರಕಟಣೆಗಳಲ್ಲಿ ಹುಡುಕುವುದು ಸಹಜ. ಆದರೆ ಈ ಪ್ರಶ್ನೆ ಮಸ್ಕತ್ತಿನಲ್ಲಿ ಬಹು ಹಳೆಯದು. ಅದನ್ನು ಮೊದಲು ಕೇಳಿದ ಭಾರತೀಯರು ನಾವಲ್ಲ.

1765ರಲ್ಲಿ ಮಸ್ಕತ್ತಿಗೆ ಬಂದ ಪ್ರವಾಸಿ ಕಾರ್ಸ್ಟನ್ ನೀಬೂರ್, ಇಲ್ಲಿ ಸುಮಾರು 1200 ಮಂದಿ ಬನಿಯಾ ವರ್ತಕರಿದ್ದರೆಂದು ಬರೆದಿದ್ದಾನೆ. ಅವರು ತಮ್ಮ ಕಟ್ಟಳೆಯಂತೆ ಬದುಕಬಹುದಾಗಿತ್ತು, ಮನೆಯಲ್ಲಿ ದೇವರನ್ನಿಟ್ಟು ಪೂಜಿಸಬಹುದಾಗಿತ್ತು, ತೀರಿಕೊಂಡವರನ್ನು ದಹಿಸಬಹುದಾಗಿತ್ತು. ಕೊನೆಯ ಮಾತನ್ನು ಗಮನಿಸಬೇಕು. ಸತ್ತವರಿಗೆ ಜಾಗ ಕೊಟ್ಟ ಊರು ಬದುಕಿರುವವರನ್ನು ಬರೇ ಅತಿಥಿಗಳೆಂದು ಎಣಿಸಿರಲಾರದು.

ನಮ್ಮ ಕರಾವಳಿಗೂ ಈ ಬಂದರಿಗೂ ನಂಟು ಅಷ್ಟೇ ಹಳೆಯದು. ಮಂಗಳೂರಿನ ಅಕ್ಕಿ ಮಸ್ಕತ್ತಿನ ಊಟವಾಗಿತ್ತು. ಟಿಪ್ಪು ಸುಲ್ತಾನ ಇಲ್ಲಿ ವ್ಯಾಪಾರದ ಕೋಠಿಯನ್ನು ನಡೆಸಿದನು. 1785-86ರ ಸುಮಾರಿಗೆ ಅವನು ಇಲ್ಲಿನ ತನ್ನ ದರೋಗ ಮೀರ್ ಕಾಜಿಮನಿಗೂ ದಲ್ಲಾಳಿ ಮಾವಜಿ ಸೇಠನಿಗೂ ಬರೆಸಿದ ಪತ್ರಗಳು ಉಳಿದಿವೆ. ರೇಷ್ಮೆಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಕಳುಹಿಸಬೇಕು, ಮುತ್ತು ತೆಗೆಯುವ ಮುಳುಗುಗಾರರನ್ನು ಒಪ್ಪಿಸಿ ಮಂಗಳೂರಿಗೆ ತರಿಸಬೇಕು ಎಂದೆಲ್ಲ ಅವುಗಳಲ್ಲಿ ಅಪ್ಪಣೆಗಳಿವೆ. ಕುಶಲ ಕೆಲಸಗಾರರನ್ನು ಆ ದಡದಿಂದ ಈ ದಡಕ್ಕೆ ಕರೆಸುವ ರೂಢಿ ಆಗ ತಿರುಗುಮುರುಗಾಗಿತ್ತು!

ಆ ಕಾಲದಲ್ಲಿ ವೀಸಾ ಇರಲಿಲ್ಲ. ವರ್ತಕನ ನೆಲೆ ದೊರೆಯ ವಿಶ್ವಾಸದ ಮೇಲೆ ನಿಂತಿತ್ತು. 1839ರಲ್ಲಿ ಬ್ರಿಟಿಷರೊಂದಿಗೆ ಆದ ಒಪ್ಪಂದ ಬ್ರಿಟಿಷ್ ಪ್ರಜೆಗಳಿಗೆ ಇಲ್ಲಿ ವಾಸಿಸುವ, ವ್ಯಾಪಾರ ಮಾಡುವ ಹಕ್ಕನ್ನು ನೀಡಿತು. ಬ್ರಿಟಿಷ್ ಭಾರತದ ವರ್ತಕರೂ ಆ ನೆರಳಿಗೆ ಸೇರಿದರು. ಕಛ್‌ನ ಮಾಂಡವಿಯ ರಾಮದಾಸ್ ಥಾಕರ್ಸಿ 1870ರಲ್ಲಿ ಬಂದದ್ದು ಹೀಗೆ. ಆ ವಂಶದ ಕನಕ್ಸಿ ಖೀಮ್ಜಿ ಒಮಾನಿನ ಪೌರರಾಗಿ, ಸುಲ್ತಾನ್ ಖಾಬೂಸರಿಂದ ಶೇಖ್ ಪದವಿಯನ್ನೂ ಪಡೆದು 2021ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೇಳಿ 'ನಮಗೂ ಸಿಗಬಹುದು' ಎನ್ನುವ ಗೆಳೆಯರಿದ್ದಾರೆ. ಒಂದೂವರೆ ಶತಮಾನದ, ತಲೆಮಾರುಗಳ ಲೆಕ್ಕ ಅದು. ಎರಡು ವರ್ಷದ ಕರಾರಿನಲ್ಲಿ ಬಂದ ನಮ್ಮ ಲೆಕ್ಕ ಬೇರೆ.

ಸ್ವತಂತ್ರ ಭಾರತ 1953ರಲ್ಲಿ ಮಸ್ಕತ್ ಮತ್ತು ಒಮಾನಿನೊಂದಿಗೆ ಸ್ನೇಹ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಇಲ್ಲಿ ಭಾರತೀಯ ದೂತಕಚೇರಿ ತೆರೆಯಿತು. ಆಗಿನ ಮಸ್ಕತ್ತಿನಲ್ಲಿ ಸೂರ್ಯಾಸ್ತದ ಮೂರು ಗಂಟೆಗಳ ನಂತರ ಕೋಟೆಬಾಗಿಲು ಮುಚ್ಚುತ್ತಿತ್ತು, ಲಾಂದ್ರವಿಲ್ಲದೆ ಬೀದಿಯಲ್ಲಿ ಓಡಾಡುವಂತಿರಲಿಲ್ಲ. ಕಾಯಿಲೆ ಬಿದ್ದವರಿಗೆ ಮತ್ರಾದ ಅಮೆರಿಕನ್ ಮಿಷನ್ ಆಸ್ಪತ್ರೆಯೇ ದಿಕ್ಕು. 1967ರಲ್ಲಿ ತೈಲದ ರಫ್ತು ಆರಂಭವಾಯಿತು, 1970ರ ಜುಲೈ 23ರಂದು ಖಾಬೂಸರು ಅಧಿಕಾರಕ್ಕೆ ಬಂದರು. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವೂ ಒಮ್ಮೆಲೇ ಬೇಕಾದವು. ವರ್ತಕನ ಜಾಗಕ್ಕೆ ಸಂಬಳದವನು ಬಂದನು: ಗಾರೆಯವನು, ನರ್ಸ್, ಮೇಷ್ಟ್ರು, ವೈದ್ಯ. ಅವನಿಗೆ ಬೇಕಾದದ್ದು ದೊರೆಯ ವಿಶ್ವಾಸವಲ್ಲ, ಪ್ರಾಯೋಜಕನ ಸಹಿ.

ಈ ವ್ಯವಸ್ಥೆಯ ಗುಣವೇ ಎಲ್ಲವನ್ನೂ ತಾತ್ಕಾಲಿಕವಾಗಿಡುವುದು. 1995ರ ವಿದೇಶೀಯರ ವಾಸ ಕಾನೂನಿನ ಅಡಿಯಲ್ಲಿ ವಾಸವು ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ವಾಸವೂ ಹೋಯಿತು. 2014ರ ಜುಲೈನಿಂದ, ಹಳೆಯ ಮಾಲೀಕನ ಎನ್‌ಒಸಿ ಇಲ್ಲದೆ ಹೊರಟವರು ಎರಡು ವರ್ಷ ಮರಳುವಂತಿರಲಿಲ್ಲ. ಆ ಒಂದು ಹಾಳೆಗಾಗಿ ಎಷ್ಟು ಮಂದಿ ಕೈಗೆ ಬಂದ ಒಳ್ಳೆಯ ಕೆಲಸವನ್ನು ಬಿಟ್ಟರೆಂಬುದು ನಮ್ಮೊಳಗಿನವರಿಗೆ ಗೊತ್ತು. 2021ರ ಜನವರಿ 1ರಿಂದ ಆ ಕಟ್ಟು ಸಡಿಲವಾಯಿತು. ಕರಾರು ಮುಗಿಸಿದವರು ಎನ್‌ಒಸಿ ಇಲ್ಲದೆಯೇ ಬೇರೆ ಕೆಲಸಕ್ಕೆ ಸೇರಬಹುದು. ನನ್ನ ದೃಷ್ಟಿಯಲ್ಲಿ ಸಾಮಾನ್ಯ ನೌಕರನಿಗೆ ಈ ಅರ್ಧ ಶತಮಾನದಲ್ಲಿ ದೊರೆತ ದೊಡ್ಡ ಬದಲಾವಣೆ ಇದೇ, ಚಿನ್ನದ ಹೆಸರಿನ ಯಾವ ಕಾರ್ಡೂ ಅಲ್ಲ. ಕುಟುಂಬವನ್ನು ಕರೆತರಲು ಬೇಕಾದ ಸಂಬಳದ ಮಿತಿಯೂ 600 ರಿಯಾಲಿನಿಂದ 2017ರಲ್ಲಿ 300ಕ್ಕೆ, 2023ರಲ್ಲಿ 150ಕ್ಕೆ ಇಳಿಯಿತು.

ವೈದ್ಯನಾಗಿ ಒಂದು ಮಾತು. ವಾಸದ ಹಕ್ಕಿನ ಚರಿತ್ರೆಯಲ್ಲಿ ಎದೆಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆಗಳ ಪಾತ್ರವನ್ನು ಯಾರೂ ಬರೆಯುವುದಿಲ್ಲ. ಊರಿನಲ್ಲಿ ಎಂದೋ ಪೂರ್ತಿ ಚಿಕಿತ್ಸೆ ಪಡೆದು ವಾಸಿಯಾದ ಕ್ಷಯ ಶ್ವಾಸಕೋಶದ ಮೇಲೆ ಬಿಟ್ಟ ಗುರುತು, ಕೊಲ್ಲಿ ದೇಶಗಳ ತಪಾಸಣೆಯಲ್ಲಿ ಒಬ್ಬನ ವೀಸಾವನ್ನೇ ನಿಲ್ಲಿಸಬಲ್ಲದು. ಅದು ಸೋಂಕಲ್ಲ, ಹಳೆಯ ಗಾಯದ ಕಲೆ. ಆದರೆ ಪಟ್ಟಿಯಲ್ಲಿ ಅನರ್ಹತೆ ಅನರ್ಹತೆಯೇ.

ಈಗ ಮೂಲ ಪ್ರಶ್ನೆಗೆ ಬರೋಣ. 2021ರ ಅಕ್ಟೋಬರಿನಲ್ಲಿ ಆರಂಭವಾದ ದೀರ್ಘಾವಧಿ ವಾಸ ಯೋಜನೆಯಲ್ಲಿ ಹತ್ತು ವರ್ಷಕ್ಕೆ ಐದು ಲಕ್ಷ ರಿಯಾಲ್, ಐದು ವರ್ಷಕ್ಕೆ ಎರಡೂವರೆ ಲಕ್ಷ ರಿಯಾಲ್ ಹೂಡಬೇಕಿತ್ತು. ನಿವೃತ್ತರಾದರೆ ತಿಂಗಳಿಗೆ 4000 ರಿಯಾಲ್ ಆದಾಯ ತೋರಿಸಬೇಕಿತ್ತು. 2025ರಲ್ಲಿ ಬಂದ ಗೋಲ್ಡನ್ ರೆಸಿಡೆನ್ಸಿ ಹೂಡಿಕೆಯನ್ನು ಎರಡು ಲಕ್ಷಕ್ಕೆ ಇಳಿಸಿತು. ಇವು ಹಣ ತರುವವರ ದಾರಿಗಳು, ಸೇವೆ ಸಲ್ಲಿಸಿದವರದಲ್ಲ. ಅಲ್ಲದೆ ನವೀಕರಿಸಬೇಕಾದ ಹತ್ತು ವರ್ಷಕ್ಕೆ ಖಾಯಂ ಎಂಬ ಹೆಸರು ಸಲ್ಲದು.

ಪೌರತ್ವದ ದಾರಿ ಇನ್ನೊಂದು. 2014ರ ಕಾನೂನು ಇಪ್ಪತ್ತು ವರ್ಷದ ನಿರಂತರ ವಾಸವನ್ನು ಕೇಳುತ್ತಿತ್ತು. 2025ರ ಕಾನೂನು ಅದನ್ನು ಹದಿನೈದಕ್ಕೆ ಇಳಿಸಿದೆ, ವರ್ಷಕ್ಕೆ 90 ದಿನಗಳಿಗಿಂತ ಹೆಚ್ಚು ಹೊರಗಿರುವಂತಿಲ್ಲ. ಅರಬಿಯನ್ನು ಮಾತನಾಡಲೂ ಬರೆಯಲೂ ಬರಬೇಕು, ಮೂಲ ಪೌರತ್ವವನ್ನು ಬಿಡಬೇಕು. ಭಾರತದ 1955ರ ಪೌರತ್ವ ಕಾಯ್ದೆಯೂ ಇನ್ನೊಂದು ದೇಶದ ಪೌರತ್ವ ಪಡೆದವರನ್ನು ತನ್ನವರೆಂದು ಉಳಿಸಿಕೊಳ್ಳುವುದಿಲ್ಲ. ಹದಿನೈದು ವರ್ಷ ತುಂಬಿದ ಮಾತ್ರಕ್ಕೆ ಅದು ಹಕ್ಕಾಗುವುದೂ ಇಲ್ಲ.

ಹೆಚ್ಚು ಕಾಡುವ ವಿಷಯ ಮಕ್ಕಳದು. ಇಲ್ಲಿಯೇ ಹುಟ್ಟಿ, ಇಂಡಿಯನ್ ಸ್ಕೂಲಿನಲ್ಲಿ ಓದಿದ ಹುಡುಗನಿಗೆ ಹುಟ್ಟಿದ ನೆಲದ ಕಾರಣಕ್ಕೆ ಯಾವ ಹಕ್ಕೂ ಬರುವುದಿಲ್ಲ. 21 ತುಂಬಿದ ಮೇಲೆ ಅವನು ಅಪ್ಪನ ಕಾರ್ಡಿನ ಆಶ್ರಯದಲ್ಲಿ ಇರುವಂತಿಲ್ಲ. ಸ್ವಂತ ಕೆಲಸದ ವೀಸಾ ಹುಡುಕಬೇಕು, ಇಲ್ಲವೇ ರಜೆಯಲ್ಲಿ ಮಾತ್ರ ಕಂಡಿದ್ದ ಉಡುಪಿಗೋ ಹುಬ್ಬಳ್ಳಿಗೋ ಹೊರಡಬೇಕು. ಆದುದರಿಂದ ಮಕ್ಕಳು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಈ ಲೆಕ್ಕವನ್ನು ಅವರೊಂದಿಗೇ ಕುಳಿತು ಹಾಕುವುದು ಒಳ್ಳೆಯದು. ಊರಿನ ಕಾಲೇಜಿಗೆ ಸೇರಿಸುವುದಾದರೆ ಅವರ ಕನ್ನಡ ಓದುಬರಹವನ್ನು ಈಗಲೇ ಗಟ್ಟಿಮಾಡಬೇಕು. ಇಲ್ಲಿಯೇ ದುಡಿಯಲಿ ಎಂಬ ಆಸೆಯಿದ್ದರೆ ಶಾಲೆಯ ಅರಬಿ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಿಸುವುದನ್ನು ಬಿಡಬೇಕು.