ಬಿಡುಗಡೆ (ಗಾಲ್ಫ್)

ಬಿಡುಗಡೆ ಅಥವಾ ರಿಲೀಸ್ ಎಂಬುದು ಗಾಲ್ಫ್ ಆಟದಲ್ಲಿ ಚೆಂಡನ್ನು ಹೊಡೆಯಲು ಕೋಲನ್ನು ಬೀಸುವಾಗ ಕೈಗಳು ಮತ್ತು ಮಣಿಕಟ್ಟುಗಳು ನಡೆಸುವ ಒಂದು ಮುಖ್ಯ ಚಲನೆ. ಕೋಲನ್ನು ಹಿಂದಕ್ಕೆ ಎತ್ತಿದಾಗ ಮಡಚಿಕೊಂಡ ಮಣಿಕಟ್ಟುಗಳು ಚೆಂಡಿನ ಸಮೀಪದಲ್ಲಿ ಬಿಚ್ಚಿಕೊಳ್ಳುತ್ತವೆ, ಮುಂದೋಳುಗಳು ಹೊರಳುತ್ತವೆ, ಅದುವರೆಗೆ ಕೈಗಳ ಹಿಂದೆ ಉಳಿದಿದ್ದ ಕೋಲಿನ ತಲೆ ವೇಗವಾಗಿ ಬಂದು ಚೆಂಡನ್ನು ಮುಟ್ಟುತ್ತದೆ. ಹೊಡೆತದ ದೂರ ಮತ್ತು ದಿಕ್ಕುಗಳೆರಡೂ ಬಹುಮಟ್ಟಿಗೆ ಈ ಚಲನೆಯ ಸಮಯವನ್ನು ಅವಲಂಬಿಸಿವೆ. ಬಿಡುಗಡೆ ಎಂದರೆ ಕೊನೆಯ ಗಳಿಗೆಯಲ್ಲಿ ಮಣಿಕಟ್ಟಿನಿಂದ ಕೊಡುವ ಹೆಚ್ಚಿನ ಒದೆತ ಎಂಬ ಭಾವನೆ ಹೊಸಬರಲ್ಲಿ ಸಾಮಾನ್ಯ. ವಾಸ್ತವದಲ್ಲಿ ಇದು ದೇಹ ಮತ್ತು ತೋಳುಗಳು ಮೊದಲೇ ಕೂಡಿಸಿಟ್ಟ ಚಲನಶಕ್ತಿ ಕೋಲಿನ ತಲೆಗೆ ಹರಿದುಹೋಗುವ ಕ್ರಿಯೆ.

ಈ ಲೇಖನದಲ್ಲಿ ‘ಕೋಲು’ ಎಂದರೆ ಗಾಲ್ಫ್ ಆಟಗಾರರು ಕ್ಲಬ್ ಎಂದು ಕರೆಯುವ ಸಾಧನ. ವಿವರಣೆಯೆಲ್ಲ ಬಲಗೈ ಆಟಗಾರರನ್ನು ಕುರಿತದ್ದು. ಇವರ ಎಡಗೈ ಗುರಿಯ ಕಡೆಗಿರುತ್ತದೆ. ಎಡಗೈ ಆಟಗಾರರಿಗೆ ದಿಕ್ಕುಗಳು ಅದಲುಬದಲಾಗುತ್ತವೆ.

ಅಂಗಚಲನೆ

ಬಿಡುಗಡೆಯಲ್ಲಿ ಮೂರು ಬಗೆಯ ಚಲನೆಗಳು ಸೇರಿವೆ.

ಮೊದಲನೆಯದು ಮಣಿಕಟ್ಟು ಹೆಬ್ಬೆರಳಿನ ಕಡೆಯಿಂದ ಕಿರುಬೆರಳಿನ ಕಡೆಗೆ ಬಾಗುವುದು. ಕೋಲನ್ನು ಎತ್ತಿದಾಗ ಎಡ ಮುಂದೋಳಿಗೂ ಕೋಲಿಗೂ ನಡುವೆ ಸುಮಾರು 90 ಡಿಗ್ರಿ ಕೋನ ಏರ್ಪಡುತ್ತದೆ. ಚೆಂಡನ್ನು ಮುಟ್ಟುವ ಹೊತ್ತಿಗೆ ಈ ಕೋನ ಬಿಚ್ಚಿಕೊಂಡು ತೋಳು ಮತ್ತು ಕೋಲು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುತ್ತವೆ. ಸುತ್ತಿಗೆಯಿಂದ ಮೊಳೆ ಹೊಡೆಯುವಾಗಲೂ ಮಣಿಕಟ್ಟು ಹೀಗೆಯೇ ಚಲಿಸುತ್ತದೆ.

ಎರಡನೆಯದು ಮಣಿಕಟ್ಟು ಅಂಗೈಯ ಕಡೆಗೆ ಅಥವಾ ಕೈಯ ಹಿಂಬದಿಯ ಕಡೆಗೆ ಬಾಗುವುದು. ನುರಿತ ಆಟಗಾರರಲ್ಲಿ ಚೆಂಡನ್ನು ಮುಟ್ಟುವಾಗ ಎಡ ಮಣಿಕಟ್ಟು ಚಪ್ಪಟೆಯಾಗಿ ಅಥವಾ ತುಸು ಅಂಗೈಯ ಕಡೆಗೆ ಬಾಗಿ ಇರುತ್ತದೆ. ಬಲ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇರುತ್ತದೆ.

ಮೂರನೆಯದು ಮುಂದೋಳುಗಳ ಹೊರಳು. ಮುಂದೋಳಿನ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದರಿಂದ ಅಂಗೈ ಮೇಲ್ಮುಖವಾಗಿ ಅಥವಾ ಕೆಳಮುಖವಾಗಿ ತಿರುಗುತ್ತದೆ. ಕೋಲಿನ ಮುಖ, ಅಂದರೆ ಚೆಂಡನ್ನು ತಾಗುವ ಸಪಾಟಾದ ಭಾಗ, ತೆರೆದುಕೊಳ್ಳುವುದು ಮತ್ತು ಮುಚ್ಚಿಕೊಳ್ಳುವುದು ಬಹುಪಾಲು ಈ ಹೊರಳಿನಿಂದ.

ಹಂತಗಳು

ಕೋಲು ಮೇಲಿನಿಂದ ಚೆಂಡಿನವರೆಗೆ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಮೊದಲು ಸೊಂಟ ಗುರಿಯ ಕಡೆಗೆ ತಿರುಗುತ್ತದೆ, ಅದರ ಹಿಂದೆ ಎದೆ, ಬಳಿಕ ತೋಳುಗಳು, ಕೊನೆಗೆ ಕೋಲು. ತೋಳುಗಳು ಇಳಿಯುವ ಆರಂಭದಲ್ಲಿ ಮಣಿಕಟ್ಟಿನ ಕೋನ ಹಾಗೆಯೇ ಉಳಿಯುತ್ತದೆ. ಕೋಲಿನ ತಲೆ ಹೀಗೆ ಕೈಗಳಿಗಿಂತ ಹಿಂದುಳಿಯುವುದನ್ನು ಆಟಗಾರರು ಲ್ಯಾಗ್ ಎನ್ನುತ್ತಾರೆ. ಕೈಗಳು ಸೊಂಟದ ಮಟ್ಟವನ್ನು ಸಮೀಪಿಸಿದಾಗ ಕೋನ ಬಿಚ್ಚಿಕೊಳ್ಳತೊಡಗುತ್ತದೆ.

ಕೋಲು ನೆಲಕ್ಕೆ ಸಮಾನಾಂತರವಾಗಿರುವ ಸ್ಥಿತಿಯಿಂದ ಚೆಂಡನ್ನು ಮುಟ್ಟುವವರೆಗಿನ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಕೋಲಿನ ಮುಖ ಪಕ್ಕಕ್ಕೆ ನೋಡುತ್ತಿದ್ದ ಸ್ಥಿತಿಯಿಂದ ಗುರಿಯನ್ನು ನೇರವಾಗಿ ನೋಡುವ ಸ್ಥಿತಿಗೆ ತಿರುಗಬೇಕು. ಚೆಂಡು ಮತ್ತು ಕೋಲು ಒಂದಕ್ಕೊಂದು ತಾಗಿರುವ ಕಾಲವಂತೂ ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕಾಗುವುದರಿಂದ ಈ ಹಂತದಲ್ಲಿ ತಪ್ಪನ್ನು ಗುರುತಿಸಿ ತಿದ್ದಿಕೊಳ್ಳಲು ಸಾಧ್ಯವಿಲ್ಲ. ಬಿಡುಗಡೆಯ ಸರಿತಪ್ಪುಗಳು ಕೋಲನ್ನು ಹಿಡಿದ ಬಗೆಯಲ್ಲಿ ಮತ್ತು ಬೀಸಿನ ಆರಂಭದಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತವೆ.

ಚೆಂಡು ಹೊರಟ ಮೇಲೆ ಎರಡೂ ತೋಳುಗಳು ಗುರಿಯ ಕಡೆಗೆ ನೀಡಿಕೊಳ್ಳುತ್ತವೆ, ಬಲ ಮುಂದೋಳು ಎಡ ಮುಂದೋಳಿನ ಮೇಲೆ ಹೊರಳುತ್ತದೆ.

ಭೌತಶಾಸ್ತ್ರ

ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ‘ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್’ ಗ್ರಂಥದಲ್ಲಿ ಗಾಲ್ಫ್ ಬೀಸನ್ನು ಜೋಡಿ ಲೋಲಕಕ್ಕೆ ಹೋಲಿಸಿದರು. ಈ ಮಾದರಿಯಲ್ಲಿ ಭುಜದಿಂದ ತೂಗುವ ತೋಳು ಒಂದು ಲೋಲಕ, ಮಣಿಕಟ್ಟಿನಿಂದ ತೂಗುವ ಕೋಲು ಇನ್ನೊಂದು. ಮಣಿಕಟ್ಟು ಇವೆರಡರ ನಡುವಿನ ಕೀಲು. ಅಮೆರಿಕದ ಭೌತವಿಜ್ಞಾನಿ ಥಿಯೋಡರ್ ಜಾರ್ಗನ್ಸನ್ 1994ರ ‘ದಿ ಫಿಸಿಕ್ಸ್ ಆಫ್ ಗಾಲ್ಫ್’ ಗ್ರಂಥದಲ್ಲಿ ಇದೇ ಮಾದರಿಯ ಗಣಿತವನ್ನು ವಿಸ್ತರಿಸಿದರು.

ತೋಳು ವೃತ್ತಾಕಾರದಲ್ಲಿ ಸುತ್ತುವಾಗ ಕೋಲಿನ ತಲೆ ಹೊರಕ್ಕೆ ಚಿಮ್ಮಲು ಎಳೆಯುತ್ತದೆ. ಆರಂಭದಲ್ಲಿ ಈ ಎಳೆತ ಕಡಿಮೆ, ತೋಳಿನ ವೇಗ ಏರಿದಂತೆ ಅದೂ ಏರುತ್ತದೆ. ಒಂದು ಹಂತದ ಬಳಿಕ ಮಣಿಕಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕೋಲು ಹೊರಕ್ಕೆ ತೆರೆದುಕೊಳ್ಳುವಾಗ ಕೈಗಳನ್ನು ಹಿಂದಕ್ಕೆ ಜಗ್ಗುವುದರಿಂದ ತೋಳು ನಿಧಾನಗೊಳ್ಳುತ್ತದೆ, ತೋಳು ಕಳೆದುಕೊಂಡ ಶಕ್ತಿ ಕೋಲಿನ ತಲೆಗೆ ಸೇರುತ್ತದೆ. ಹೀಗಾಗಿ ಚೆಂಡನ್ನು ಮುಟ್ಟುವಾಗ ತಲೆಯ ವೇಗ ಕೈಗಳ ವೇಗಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಪುರುಷ ವೃತ್ತಿಪರರ ಡ್ರೈವರ್ ಹೊಡೆತದಲ್ಲಿ ಇದು ಗಂಟೆಗೆ ಸುಮಾರು 180 ಕಿ.ಮೀ. ತಲುಪುತ್ತದೆ.

ಸ್ನಾಯು ಸಂಕುಚಿಸುವ ವೇಗ ಹೆಚ್ಚಿದಂತೆ ಅದು ಕೊಡಬಲ್ಲ ಬಲ ಕುಗ್ಗುತ್ತದೆ. ಬೀಸಿನ ಕೊನೆಯಲ್ಲಿ ಕೋಲು ಅತಿ ವೇಗದಲ್ಲಿರುವಾಗ ಮಣಿಕಟ್ಟಿನ ಸ್ನಾಯುಗಳು ಅದನ್ನು ಇನ್ನಷ್ಟು ತಳ್ಳಲು ಹೆಚ್ಚೇನೂ ಮಾಡಲಾರವು. ಮೇಲಿನಿಂದಲೇ ಮಣಿಕಟ್ಟನ್ನು ಬಿಚ್ಚಿದರೆ ತಲೆಯ ಗರಿಷ್ಠ ವೇಗ ಚೆಂಡಿಗಿಂತ ಮೊದಲೇ ವ್ಯಯವಾಗುತ್ತದೆ. ಆದ್ದರಿಂದ ಕೋನವನ್ನು ತಕ್ಕಷ್ಟು ಕಾಲ ಉಳಿಸಿಕೊಂಡು, ಅದು ಬಿಚ್ಚಿಕೊಳ್ಳುವಾಗ ತಡೆಯದಿರುವುದೇ ವೇಗದ ಮೂಲ.

ದಿಕ್ಕಿನ ವಿಷಯದಲ್ಲಿ ಕೋಲಿನ ಮುಖ ನಿರ್ಣಾಯಕ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಮುಖವೇ ನಿರ್ಧರಿಸುತ್ತದೆ. ಚೆಂಡು 1 ಡಿಗ್ರಿ ಓರೆಯಾಗಿ ಹೊರಟರೆ 200 ಮೀಟರ್ ದೂರದಲ್ಲಿ ಸುಮಾರು 3.5 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಮುಖದ ದಿಕ್ಕು ಮತ್ತು ಕೋಲು ಸಾಗುವ ದಿಕ್ಕುಗಳ ನಡುವಿನ ವ್ಯತ್ಯಾಸ ಚೆಂಡಿಗೆ ಓರೆ ತಿರುಗುವಿಕೆಯನ್ನು ಕೊಡುವುದರಿಂದ ಅದು ಗಾಳಿಯಲ್ಲಿ ಬಾಗುತ್ತದೆ.

ಕೈಗೆಲಸ ಮತ್ತು ಇತರ ಆಟಗಳಲ್ಲಿ ಇದೇ ತತ್ತ್ವ

ಉದ್ದನೆಯ ಹಿಡಿಯ ಸಾಧನವನ್ನು ಬೀಸುವ ಎಲ್ಲೆಡೆ ಈ ತತ್ತ್ವ ಕಾಣುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯ ದಿನನಿತ್ಯದ ಕೆಲಸಗಳು ಇದಕ್ಕೆ ಸ್ಪಷ್ಟ ನಿದರ್ಶನಗಳು. ಎಳನೀರು ಕೆತ್ತುವವರು ಮಚ್ಚನ್ನು ಬಿಗಿಯಾಗಿ ಅಮುಕಿ ಹಿಡಿಯುವುದಿಲ್ಲ. ಮೊಣಕೈ ಇಳಿಯುವಾಗ ಮಣಿಕಟ್ಟು ಸಡಿಲವಾಗಿದ್ದು ಕೊನೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಕಾಯಿಯನ್ನು ಕತ್ತರಿಸುವುದು ಮಚ್ಚಿನ ತೂಕ ಮತ್ತು ವೇಗ. ಮಣಿಕಟ್ಟನ್ನು ಬಿಗಿಹಿಡಿದು ತೋಳಿನಿಂದ ಮಾತ್ರ ಹೊಡೆಯುವ ಹೊಸಬರ ಮಚ್ಚು ನಾರಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಉಂಡೆ ಕೊಬ್ಬರಿ ತೆಗೆಯುವ ಕೆಲಸ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಲ್ಲಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಒಳಗೆ ಅಲ್ಲಾಡುತ್ತದೆ. ಕರಟ ಒಡೆಯಬೇಕು, ಉಂಡೆ ಒಡೆಯಬಾರದು. ಉಂಡೆ ಒಡೆದರೆ ಬೆಲೆ ಇಳಿಯುತ್ತದೆ. ಇಲ್ಲಿ ಮಣಿಕಟ್ಟಿನ ಬಿಡುಗಡೆ ಸಣ್ಣದು ಮತ್ತು ಅಳತೆಯದು. ಗಾಲ್ಫಿನ ಹತ್ತಿರದ ಹೊಡೆತಗಳಿಗೆ ಬೇಕಾಗುವುದೂ ಇಂಥದೇ ಹತೋಟಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ ಮಟ್ಟೆ ಸುಲಿಯುವಾಗ ಮುಂದೋಳುಗಳ ಹೊರಳು ಪ್ರಧಾನವಾಗುತ್ತದೆ.

ಆಟಗಳಲ್ಲಿ ಚಿನ್ನಿದಾಂಡು ಗಾಲ್ಫಿಗೆ ಬಹಳ ಹತ್ತಿರದ್ದು. ಎರಡೂ ತುದಿ ಚೂಪಾದ ಚಿನ್ನಿಯನ್ನು ದಾಂಡಿನಿಂದ ತಟ್ಟಿ ಚಿಮ್ಮಿಸಿ, ಅದು ಗಾಳಿಯಲ್ಲಿರುವಾಗಲೇ ಮಣಿಕಟ್ಟನ್ನು ಬಿಚ್ಚಿ ದೂರಕ್ಕೆ ಹೊಡೆಯಲಾಗುತ್ತದೆ. ಕ್ರಿಕೆಟ್‌ನಲ್ಲಿ ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಮಣಿಕಟ್ಟಿನ ಬಳಕೆಗೆ ಹೆಸರಾಗಿತ್ತು. ಆದರೆ ಈ ಆಟಗಳಲ್ಲಿ ಚಲಿಸುವ ವಸ್ತುವಿಗೆ ತಕ್ಕಂತೆ ಕೈ ಹೊಂದಿಕೊಳ್ಳಬೇಕು. ಗಾಲ್ಫಿನಲ್ಲಿ ಚೆಂಡು ನಿಶ್ಚಲವಾಗಿರುವುದರಿಂದ ಒಂದೇ ಚಲನೆಯನ್ನು ಪ್ರತಿಬಾರಿಯೂ ಹಾಗೆಯೇ ಮರುಕಳಿಸುವುದು ಮುಖ್ಯವಾಗುತ್ತದೆ.

ವಿಚಾರಭೇದಗಳು

ಬಿಡುಗಡೆಯನ್ನು ಹೇಗೆ ಕಲಿಸಬೇಕೆಂಬುದರಲ್ಲಿ ತರಬೇತುದಾರರ ನಡುವೆ ಭಿನ್ನಾಭಿಪ್ರಾಯವಿದೆ. ಒಂದು ಪಂಥ ಮುಂದೋಳುಗಳನ್ನು ಪೂರ್ಣವಾಗಿ ಹೊರಳಿಸಿ ಮುಖವನ್ನು ಮುಚ್ಚುವುದನ್ನು ಕಲಿಸುತ್ತದೆ. ಇನ್ನೊಂದು ಪಂಥ ಕೈಗಳನ್ನು ಶಾಂತವಾಗಿಟ್ಟು ದೇಹದ ತಿರುಗುವಿಕೆಯಿಂದಲೇ ಮುಖವನ್ನು ಗುರಿಗೆ ತರಬೇಕೆನ್ನುತ್ತದೆ.

ಈ ಭೇದಕ್ಕೆ ಸಾಧನಗಳ ಇತಿಹಾಸವೂ ಕಾರಣ. ಹಿಂದೆ ಕೋಲಿನ ಕಡ್ಡಿ ಹಿಕರಿ ಮರದ್ದಾಗಿತ್ತು. ಅದು ಬೀಸುವಾಗ ತಿರುಚಿಕೊಳ್ಳುತ್ತಿದ್ದುದರಿಂದ ಆಟಗಾರರು ಕೈಗಳಿಂದ ಮುಖವನ್ನು ಹೊಂದಿಸಿಕೊಳ್ಳಬೇಕಾಗಿತ್ತು. ಉಕ್ಕಿನ ಕಡ್ಡಿಗೆ ಅಮೆರಿಕದಲ್ಲಿ 1924ರಲ್ಲಿಯೂ ಬ್ರಿಟನ್ನಿನಲ್ಲಿ 1929ರಲ್ಲಿಯೂ ಮಾನ್ಯತೆ ದೊರೆತ ಮೇಲೆ ಆ ಅಗತ್ಯ ಕಡಿಮೆಯಾಯಿತು. ಇಂದಿನ ಡ್ರೈವರ್‌ಗಳ ತಲೆಯ ಗಾತ್ರದ ಮಿತಿ 460 ಘನ ಸೆಂಟಿಮೀಟರ್. ಇಷ್ಟು ದೊಡ್ಡ ತಲೆ ತಿರುಗುವಿಕೆಗೆ ಹೆಚ್ಚು ಪ್ರತಿರೋಧ ಒಡ್ಡುವುದರಿಂದ ಅದನ್ನು ಕೊನೆಯ ಗಳಿಗೆಯಲ್ಲಿ ಕೈಯಿಂದ ಹೊರಳಿಸುವುದು ಕಷ್ಟ.

ಬೆನ್ ಹೋಗನ್ 1957ರ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿ ಚೆಂಡನ್ನು ಮುಟ್ಟುವಾಗ ಎಡ ಮಣಿಕಟ್ಟಿನ ಉಬ್ಬು ಗುರಿಯ ಕಡೆಗಿರಬೇಕೆಂದು ವಿವರಿಸಿದರು. ಹೋಮರ್ ಕೆಲ್ಲಿ 1969ರ ‘ದಿ ಗಾಲ್ಫಿಂಗ್ ಮಷೀನ್’ ಗ್ರಂಥದಲ್ಲಿ ಚಪ್ಪಟೆಯಾದ ಎಡ ಮಣಿಕಟ್ಟನ್ನು ಬೀಸಿನ ಅತ್ಯಗತ್ಯ ಅಂಶಗಳಲ್ಲಿ ಒಂದೆಂದು ಪರಿಗಣಿಸಿದರು. ಪಂಥ ಯಾವುದೇ ಇರಲಿ, ಎಡ ಮಣಿಕಟ್ಟು ಚೆಂಡಿಗೆ ಮೊದಲು ಹಿಂದಕ್ಕೆ ಮುರಿದುಕೊಳ್ಳಬಾರದು ಎಂಬುದರಲ್ಲಿ ವ್ಯಾಪಕ ಒಮ್ಮತವಿದೆ.

ಸಾಮಾನ್ಯ ದೋಷಗಳು

ಮೊದಲೇ ಬಿಚ್ಚುವುದು: ಮೇಲಿನಿಂದ ಇಳಿಯುವ ಆರಂಭದಲ್ಲಿಯೇ ಮಣಿಕಟ್ಟಿನ ಕೋನ ಕಳೆದುಹೋಗುತ್ತದೆ. ಗಾಳ ಎಸೆಯುವ ಚಲನೆಯನ್ನು ಹೋಲುವುದರಿಂದ ಇದಕ್ಕೆ ಕಾಸ್ಟಿಂಗ್ ಎಂಬ ಹೆಸರಿದೆ. ಇದರಿಂದ ದೂರ ಕಡಿಮೆಯಾಗುತ್ತದೆ.

ಚಿಮ್ಮಿಸುವುದು: ಚೆಂಡನ್ನು ಮೇಲಕ್ಕೆತ್ತುವ ಆಸೆಯಿಂದ ಬಲಗೈ ಕೋಲನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಎಡ ಮಣಿಕಟ್ಟು ಹಿಂದಕ್ಕೆ ಮುರಿದುಕೊಳ್ಳುತ್ತದೆ. ಕೋಲು ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯಬಹುದು ಅಥವಾ ಚೆಂಡಿನ ನೆತ್ತಿಗೆ ತಾಗಬಹುದು. ಚೆಂಡನ್ನು ಮೇಲಕ್ಕೆತ್ತುವ ಕೆಲಸವನ್ನು ಕೋಲಿನ ಮುಖದ ಇಳಿಜಾರೇ ಮಾಡುತ್ತದೆ.

ತಡೆಹಿಡಿಯುವುದು: ಹಿಡಿತ ಅತಿಯಾಗಿ ಬಿಗಿಯಾದಾಗ ಮುಂದೋಳುಗಳು ಹೊರಳುವುದಿಲ್ಲ. ಮುಖ ತೆರೆದೇ ಉಳಿದು ಚೆಂಡು ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್.

ಅತಿಯಾಗಿ ಹೊರಳಿಸುವುದು: ದೇಹದ ತಿರುಗುವಿಕೆ ನಿಂತು ಕೈಗಳು ಮಾತ್ರ ಸಾಗಿದಾಗ ಮುಖ ಬೇಗ ಮುಚ್ಚಿಕೊಂಡು ಚೆಂಡು ಎಡಕ್ಕೆ ಬಾಗುತ್ತದೆ. ಇದು ಹುಕ್.

ಹತ್ತಿರದ ಹೊಡೆತಗಳು

ಎಲ್ಲ ಹೊಡೆತಗಳಿಗೂ ಪೂರ್ಣ ಬಿಡುಗಡೆ ಬೇಕಿಲ್ಲ. ಪಟ್ಟಿಂಗ್‌ನಲ್ಲಿ ಮಣಿಕಟ್ಟಿನ ಚಲನೆ ಬಹಳ ಕಡಿಮೆ. ಹಸಿರಿನ ಅಂಚಿನಿಂದ ಆಡುವ ಚಿಪ್ ಹೊಡೆತದಲ್ಲಿ ಕೈಗಳು ಕೋಲಿನ ತಲೆಗಿಂತ ಮುಂದೆಯೇ ಉಳಿಯುತ್ತವೆ. ಮರಳಿನ ಹಳ್ಳದಿಂದ ಆಡುವಾಗ ಮುಖವನ್ನು ತೆರೆದೇ ಇಟ್ಟು, ಕೋಲಿನ ತಲೆ ಚೆಂಡಿನ ಕೆಳಗಿನ ಮರಳಿನಲ್ಲಿ ಜಾರುವಂತೆ ಬಿಡಲಾಗುತ್ತದೆ.

ಅಭ್ಯಾಸ

ಪಾದಗಳನ್ನು ಜೋಡಿಸಿ ನಿಂತು ಬೀಸುವುದು, ಒಂದೇ ಕೈಯಿಂದ ಸಣ್ಣ ಹೊಡೆತಗಳನ್ನು ಆಡುವುದು, ಕೈಗಳ ನಡುವೆ ಅಂತರ ಬಿಟ್ಟು ಕೋಲು ಹಿಡಿಯುವುದು ಸಾಮಾನ್ಯ ಅಭ್ಯಾಸಗಳು. ಕೋಲನ್ನು ತಲೆಕೆಳಗಾಗಿ ಹಿಡಿದು ಬೀಸುವ ಅಭ್ಯಾಸವೂ ಪ್ರಚಲಿತ. ಗಾಳಿಯನ್ನು ಸೀಳುವ ಸದ್ದು ಬಲ ಭುಜದ ಬಳಿ ಕೇಳಿಸಿದರೆ ಮಣಿಕಟ್ಟು ಬೇಗ ಬಿಚ್ಚಿಕೊಂಡಿದೆಯೆಂದು ಅರ್ಥ. ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದರಾಚೆ ಸದ್ದು ಜೋರಾಗಿದ್ದರೆ ಸಮಯ ಸರಿಯಾಗಿದೆ.

ಗಾಯಗಳು

ಮಣಿಕಟ್ಟು ಗಾಲ್ಫ್ ಆಟಗಾರರಲ್ಲಿ ಹೆಚ್ಚಾಗಿ ಗಾಯಗೊಳ್ಳುವ ಭಾಗಗಳಲ್ಲಿ ಒಂದು. ಕೋಲು ಗಟ್ಟಿ ನೆಲಕ್ಕೋ ಮರದ ಬೇರಿಗೋ ಬಡಿದಾಗ ಹಿಡಿಯ ತುದಿ ಎಡ ಅಂಗೈಗೆ ಒತ್ತಿ, ಹಮೇಟ್ ಎಂಬ ಸಣ್ಣ ಮೂಳೆಯ ಕೊಕ್ಕೆ ಮುರಿಯಬಹುದು. ಕಿರುಬೆರಳಿನ ಬುಡದ ಕಡೆಗೆ ಅಂಗೈಯಲ್ಲಿ ನೋವು ಉಳಿದರೆ ಅದನ್ನು ಉಳುಕೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಈ ಮುರಿತ ಸಾಧಾರಣ ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದು. ಹೆಬ್ಬೆರಳಿನ ಮತ್ತು ಕಿರುಬೆರಳಿನ ಬದಿಯ ಸ್ನಾಯುರಜ್ಜುಗಳ ಉರಿಯೂತವೂ ಸಾಮಾನ್ಯ.

ಮೊಣಕೈಯ ಒಳಬದಿಯ ನೋವಿಗೆ ‘ಗಾಲ್ಫರ್ಸ್ ಎಲ್ಬೋ’ ಎಂಬ ಹೆಸರಿದ್ದರೂ ಅದು ಆಟಗಾರರಿಗಷ್ಟೇ ಸೀಮಿತವಲ್ಲ. ಹಿಡಿಯುವುದು, ತಿರುಚುವುದು, ಬಡಿಯುವುದು ದಿನವಿಡೀ ನಡೆಯುವ ಕೆಲಸಗಳನ್ನು ಮಾಡುವ ಯಾರಿಗಾದರೂ ಅದು ಬರಬಹುದು. ವಿಶ್ರಾಂತಿ, ಹಿಡಿತವನ್ನು ಸಡಿಲಿಸುವುದು ಮತ್ತು ಮುಂದೋಳಿನ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸುವುದು ಇದರ ಮುಖ್ಯ ಪರಿಹಾರಗಳು.

ಕರ್ನಾಟಕದಲ್ಲಿ

ಭಾರತದಲ್ಲಿ ಗಾಲ್ಫ್ 1829ರಲ್ಲಿ ಸ್ಥಾಪನೆಯಾದ ಇಂದಿನ ರಾಯಲ್ ಕಲ್ಕತ್ತ ಗಾಲ್ಫ್ ಕ್ಲಬ್‌ನೊಂದಿಗೆ ನೆಲೆಯೂರಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಮೈಸೂರು, ಚಿಕ್ಕಮಗಳೂರು ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶಗಳಲ್ಲಿಯೂ ಆಟದ ಮೈದಾನಗಳಿವೆ.

ಇಲ್ಲಿನ ಕೆಲವು ಪ್ರಮುಖ ಆಟಗಾರರು ಆಟವನ್ನು ಮೊದಲು ಕಂಡದ್ದು ಮೈದಾನದ ಕೆಲಸದ ಮೂಲಕ ಅಥವಾ ಅದರ ನೆರೆಹೊರೆಯಿಂದ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದರು. ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದರು.

1998ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಟೋಕಿಯೊದಲ್ಲಿ ಅವರ ಡ್ರೈವ್‌ಗಳು ಅನೇಕ ಸ್ಪರ್ಧಿಗಳ ಡ್ರೈವ್‌ಗಳಿಗಿಂತ ಗಿಡ್ಡವಾಗಿದ್ದವು. ನಿಖರತೆ, ಹತ್ತಿರದ ಹೊಡೆತಗಳು ಮತ್ತು ಪಟ್ಟಿಂಗ್ ಅವರನ್ನು ಮುಂಚೂಣಿಯಲ್ಲಿ ಉಳಿಸಿದವು.

ಇವನ್ನೂ ನೋಡಿ

ಗಾಲ್ಫ್
ಚಿನ್ನಿದಾಂಡು
ಅದಿತಿ ಅಶೋಕ್
ಲೋಲಕ
ಮಣಿಕಟ್ಟು