ನೀಲಗಿರಿಯನ್ನು ಕಂಡವರು: ಒಂದು ಮಲೆಜಿಲ್ಲೆಯ ಪ್ರವೇಶಚರಿತ್ರೆ

ಕವಿರತ್ನತ್ರಯರಲ್ಲಿ ಒಬ್ಬನಾದ ರನ್ನನ ಹುಟ್ಟೂರು ಮುದುವೊಳಲು, ಅಂದರೆ ಇಂದಿನ ಮುಧೋಳ. ‘ಮುದು’ ಎಂದರೆ ಹಳೆಯದು, ‘ಪೊಳಲ್’ ಎಂದರೆ ಪಟ್ಟಣ. ಕ್ರಿ.ಶ. 949ರಲ್ಲಿ ಘಟಪ್ರಭೆಯ ಸೀಮೆಯಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಕವಿ ವಿದ್ಯೆಯನ್ನು ಅರಸಿ ತೆಂಕಣ ಗಂಗಮಂಡಲಕ್ಕೆ ನಡೆದನು. ಅಜಿತಸೇನಾಚಾರ್ಯರ ಶಿಷ್ಯತ್ವವೂ ಚಾವುಂಡರಾಯನ ಆಶ್ರಯವೂ ಅವನಿಗೆ ಅಲ್ಲಿಯೇ ಒದಗಿದವು. ಅದೇ ತೆಂಕಣ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಇನ್ನೊಂದು ‘ಮುದು’ ಎದುರಾಗುತ್ತದೆ. ಅದು ಮುದುಮಲೆ, ಹಳೆಯ ಬೆಟ್ಟ ಎಂದು ಅದರ ಹೆಸರನ್ನು ಅರ್ಥೈಸುವುದು ರೂಢಿ. ಅಲ್ಲಿಂದ ಮೇಲಕ್ಕೆ ನೀಲಗಿರಿ.

ಮುಧೋಳ, ಬೀಳಗಿ, ಜಮಖಂಡಿಗಳಂಥ ಬಯಲುಸೀಮೆಯ ಊರುಗಳಲ್ಲಿ ‘ಮೈಸೂರು–ಊಟಿ’ ಎಂಬುದು ಒಂದೇ ಉಸಿರಿನಲ್ಲಿ ಬರುವ ಜೋಡಿಪದ. ಕಬ್ಬಿನ ಗದ್ದೆ, ಸುಣ್ಣಕಲ್ಲಿನ ನೆಲ, ಚಿಂಕಾರಗಳು ಅಲೆಯುವ ಯಡಹಳ್ಳಿಯ ಕುರುಚಲು ಗುಡ್ಡ (ಇದು ವನ್ಯಜೀವಿಧಾಮವಾದದ್ದು 2016ರಲ್ಲಿ), ಇವುಗಳ ನಡುವೆ ಬೆಳೆದ ಕಣ್ಣಿಗೆ ಆನೆಯ ಕಾಡು ಮತ್ತು ಚಹದ ತೋಟ ಬೇರೆಯೇ ಲೋಕ. ಈ ಲೋಕಕ್ಕೆ ಹೋದ ಪ್ರವಾಸಿಗೆ ಮಾರ್ಗದರ್ಶಿ ಪುಸ್ತಕಗಳು ಹೇಳುವ ಮೊದಲ ವಾಕ್ಯವೆಂದರೆ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಯನ್ನು ‘ಕಂಡುಹಿಡಿದನು’ ಎಂಬುದು. ಈ ವಾಕ್ಯದ ಸತ್ಯಾಸತ್ಯವನ್ನು ಪರಿಶೀಲಿಸಲು ಬಹಳ ದೂರ ಹೋಗಬೇಕಾಗಿಲ್ಲ. ಪ್ರವಾಸಿಯು ಹಾದುಹೋಗುವ ದಾರಿಯ ಆಸುಪಾಸಿನಲ್ಲಿಯೇ, ಚಾಮರಾಜನಗರದಲ್ಲಿ, ಅದಕ್ಕೆ ಉತ್ತರವಿದೆ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೂ ಜೈನಧರ್ಮಾವಲಂಬಿಯೂ ಆಗಿದ್ದ ಪುಣಿಸನು ಇಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ (1898) ಪ್ರಕಟಿಸಿದ ಇಲ್ಲಿನ ಕ್ರಿ.ಶ. 1117ರ ಶಾಸನವು ಪುಣಿಸನ ದಿಗ್ವಿಜಯವನ್ನು ವರ್ಣಿಸುತ್ತದೆ. ಅವನು ತೋಡರನ್ನು ಬೆದರಿಸಿದನೆಂದೂ ಕೊಂಗರನ್ನು ಅಡಗಿಸಿದನೆಂದೂ ಮಲೆಯಾಳರನ್ನು ಕೊಂದನೆಂದೂ ನೀಲಾದ್ರಿಯ ಶಿಖರವನ್ನು ಜಯಲಕ್ಷ್ಮಿಗೆ ಅರ್ಪಿಸಿದನೆಂದೂ ಅದರ ಸಾರಾಂಶ. ನೀಲಗಿರಿ ಎಂಬ ಬೆಟ್ಟದ ಹೆಸರೂ ಅಲ್ಲಿನ ಮೂಲನಿವಾಸಿಗಳಾದ ತೋಡರ ಹೆಸರೂ ಒಟ್ಟಿಗೆ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದು ಮುಖ್ಯವಾದುದು. ಸಲ್ಲಿವನ್ ಬೆಟ್ಟ ಹತ್ತುವುದಕ್ಕೆ ಏಳುನೂರ ಎರಡು ವರ್ಷ ಮೊದಲೇ ಬೆಟ್ಟದ ಬುಡದ ಒಂದು ಬಸದಿಯ ಕಲ್ಲಿನ ಮೇಲೆ ಆ ಬೆಟ್ಟದ ಹೆಸರಿತ್ತು. ಕಾಕತಾಳೀಯವೆಂಬಂತೆ, ಅರಿಕುಠಾರವು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವೆಂಬ ಹೆಸರನ್ನು ಪಡೆದದ್ದು 1818ರಲ್ಲಿ, ‘ಶೋಧ’ದ ಹಿಂದಿನ ವರ್ಷ.

ಇದನ್ನು ಇಂಗ್ಲಿಷ್ ಬರಹಗಾರರು ಅರಿಯದವರೇನಲ್ಲ. 1908ರಲ್ಲಿ ನೀಲಗಿರಿ ಗೆಜೆಟಿಯರನ್ನು ರಚಿಸಿದ ಡಬ್ಲ್ಯು. ಫ್ರಾನ್ಸಿಸ್ ಹೊಯ್ಸಳರ ಈ ದಾಖಲೆಯಿಂದಲೇ ಜಿಲ್ಲೆಯ ರಾಜಕೀಯ ಇತಿಹಾಸವನ್ನು ಆರಂಭಿಸುತ್ತಾನೆ. ಆದರೆ ಗೆಜೆಟಿಯರನ್ನು ಓದುವವರು ಕೆಲವರು, ಮಾರ್ಗದರ್ಶಿಯನ್ನು ಓದುವವರು ಬಹಳ.

ಪುಣಿಸನ ದಂಡಯಾತ್ರೆ ಒಂದು ಸಲದ ಘಟನೆಯಾಗಿ ಉಳಿಯಲಿಲ್ಲ. ಹೊಯ್ಸಳರ ಕೊನೆಯ ಘಟ್ಟದಲ್ಲಿ ಗುಂಡ್ಲುಪೇಟೆಯ ಬಳಿಯ ತೆರಕಣಾಂಬಿಯಿಂದ ಆಳುತ್ತಿದ್ದ ಪೆರುಮಾಳೆ ದಂಡನಾಯಕನ ಮನೆತನವು ‘ನೀಲಗಿರಿಸಾಧಾರ’, ಎಂದರೆ ನೀಲಗಿರಿಯನ್ನು ಸಾಧಿಸಿದವನು, ಎಂಬ ಬಿರುದನ್ನು ಧರಿಸಿತು. ಈ ಮನೆತನದ ಮಾಧವ ದಂಡನಾಯಕನು 1315ರ ಸುಮಾರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಬಂಡೀಪುರದ ಕಾಡಿನೊಳಗೆ 1454 ಮೀಟರ್ ಎತ್ತರದಲ್ಲಿರುವ ಈ ಗುಡಿಗೆ ಹೋಗುವವರಲ್ಲಿ ಹೆಚ್ಚಿನವರು ಆನೆ ಕಾಣುವ ಆಸೆಯಿಂದ ಹೋಗುತ್ತಾರೆ. ಆ ಎತ್ತರದಿಂದ ದಕ್ಷಿಣಕ್ಕೆ ಕಾಣುವ ನೀಲಿಯ ಗೋಡೆಯನ್ನು ಬಿರುದಾಗಿ ಹೊತ್ತವರು ಇಲ್ಲಿದ್ದರೆಂಬುದನ್ನು ತಿಳಿದು ನೋಡಿದರೆ ಆ ನೋಟಕ್ಕೆ ಬೇರೊಂದು ಆಳ ಬರುತ್ತದೆ. ಬೆಟ್ಟದ ಪೂರ್ವದ ಬುಡದಲ್ಲಿ, ಭವಾನಿ ಮತ್ತು ಮೋಯಾರು ನದಿಗಳು ಕೂಡುವ ಎಡೆಯಲ್ಲಿ ಇದೇ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನಕೋಟೆಯಿತ್ತು. 1950ರ ದಶಕದಲ್ಲಿ ನಿರ್ಮಾಣವಾದ ಭವಾನಿಸಾಗರದ ನೀರಿನಲ್ಲಿ ಅದು ಮುಳುಗಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬೆಟ್ಟದ ಮಗ್ಗುಲನ್ನು ಏರಿದ್ದು ಈ ಕೋಟೆಯ ಕಡೆಯಿಂದಲೇ. ದಂಡಿನ ದಾರಿಯೇ ಸರ್ವೇಯರನ ದಾರಿಯಾಯಿತು.

ಶಾಸನಗಳನ್ನು ಮುಂದಿಟ್ಟು, ನೀಲಗಿರಿಯನ್ನು ಕಂಡುಹಿಡಿದವನು ಸಲ್ಲಿವನ್ ಅಲ್ಲ, ಪುಣಿಸ ಎಂದು ವಾದಿಸುವ ಉತ್ಸಾಹ ಕನ್ನಡ ಲೇಖಕರಲ್ಲಿ ಆಗಾಗ ಕಾಣುತ್ತದೆ. ಇದು ಒಂದು ತಪ್ಪಿನ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದಂತೆ. ಪುಣಿಸನ ಪ್ರಶಸ್ತಿಯಲ್ಲಿ ತೋಡರು ಬರುವುದು ಬೆದರಿದವರಾಗಿ. ಬೆದರಲು ಅವರು ಅಲ್ಲಿ ಮೊದಲೇ ಇರಬೇಕಷ್ಟೆ. ಎಮ್ಮೆಯ ಹಾಲನ್ನೇ ದೇವಕಾರ್ಯವಾಗಿಸಿಕೊಂಡ ತೋಡರು, ಕಮ್ಮಾರಿಕೆ ಕುಂಬಾರಿಕೆ ಮತ್ತು ವಾದ್ಯಗಳ ಕೋತರು, ಕಾಡಿನ ಅಂಚಿನ ಕುರುಂಬರು ಮತ್ತು ಇರುಳರು ಇವರಾರೂ ಶಾಸನ ಬರೆಸಲಿಲ್ಲ. ಬರೆಸದವರನ್ನು ಕಾಣದವರೆಂದು ಎಣಿಸುವುದು ಆಕರಗಳ ಮಿತಿಯೇ ಹೊರತು ಇತಿಹಾಸದ ತೀರ್ಮಾನವಲ್ಲ. ಶಾಸನದ ನಿಜವಾದ ಬೆಲೆ ಬೇರೆಡೆ ಇದೆ: ಬೆಟ್ಟವು ಬಯಲಿನಿಂದ ಎಂದೂ ಕಡಿದುಹೋಗಿರಲಿಲ್ಲ ಎಂಬುದನ್ನು ಅದು ಸಾಬೀತುಪಡಿಸುತ್ತದೆ.

ದಂಡು ಬಂದು ಹೋಯಿತು. ಬಂದು ಉಳಿದವರು ಬಡಗರು. ‘ಬಡಗ’ ಎಂದರೆ ಬಡಗಣ ದಿಕ್ಕಿನಿಂದ ಬಂದವನು. ಮೈಸೂರು ಸೀಮೆಯ ಬಯಲಿನಿಂದ, ಮುಸ್ಲಿಂ ಅರಸನೊಬ್ಬನು ತಮ್ಮ ಮನೆಯ ಹೆಣ್ಣನ್ನು ಬಯಸಿದ್ದರಿಂದ ಅಣ್ಣತಮ್ಮಂದಿರು ರಾತ್ರೋರಾತ್ರಿ ಮೋಯಾರು ದಾಟಿ ಬೆಟ್ಟ ಸೇರಿದರೆಂಬ ಐತಿಹ್ಯ ಅವರಲ್ಲಿ ಇಂದಿಗೂ ಜೀವಂತವಾಗಿದೆ. ಇಂಥ ಕಥೆ ದಕ್ಷಿಣದ ಹಲವು ಸಮುದಾಯಗಳಲ್ಲಿ ಇರುವುದರಿಂದ ಅದನ್ನು ಘಟನೆಯ ವರದಿಯೆಂದು ಓದಲಾಗದು. ಬಡಗರ ಸಾಮಾಜಿಕ ಚರಿತ್ರೆಯನ್ನು ದಶಕಗಳ ಕಾಲ ಅಭ್ಯಸಿಸಿದ ಪಾಲ್ ಹಾಕಿಂಗ್ಸ್ 1980ರ ತಮ್ಮ ಗ್ರಂಥದಲ್ಲಿ ಆ ಚರಿತ್ರೆಯನ್ನು 1550ರಿಂದ ಆರಂಭಿಸುತ್ತಾರೆ, ಎಂದರೆ ವಿಜಯನಗರದ ಆಳ್ವಿಕೆ ಸಡಿಲಗೊಳ್ಳಲಿದ್ದ ಕಾಲದಿಂದ. ಯಾಕೋಮೊ ಫೆನಿಚಿಯೋ ಎಂಬ ಜೆಸ್ಯುಯಿಟ್ ಪಾದ್ರಿ ಮಲಬಾರಿನ ಕಡೆಯಿಂದ 1603ರಲ್ಲಿ ಬೆಟ್ಟವೇರಿದಾಗ ತೋಡರೊಂದಿಗೆ ಬಡಗರನ್ನೂ ಕಂಡು ಬರೆದಿದ್ದಾನೆ. ಆ ವೇಳೆಗೆ ಅವರ ಹಳ್ಳಿಗಳು ನೆಲೆಗೊಂಡಿದ್ದವು.

ಬಡಗರ ಹಳ್ಳಿಗೆ ‘ಹಟ್ಟಿ’ ಎಂದೇ ಹೆಸರು. ದೊಡ್ಡಬೆಟ್ಟ, ಹುಲಿಕಲ್, ಅಧಿಕಾರಿಹಟ್ಟಿ ಮುಂತಾದ ಹೆಸರುಗಳನ್ನು ಕನ್ನಡಿಗನು ನಿಘಂಟಿನ ಹಂಗಿಲ್ಲದೆ ಬಿಡಿಸಬಲ್ಲನು. ಅವರ ಕುಲದೇವತೆ ಹೆತ್ತೆ, ದೈವ ಹಿರಿಒಡೆಯ. ಅವರಲ್ಲಿ ಒಡೆಯರೆಂಬ ಲಿಂಗಾಯತ ಪಂಗಡವೂ ಉಂಟು. ಬೆಳೆದ ಧಾನ್ಯದಲ್ಲಿ ಒಂದು ಪಾಲನ್ನು ‘ಗೂಡು’ ಎಂಬ ಹೆಸರಿನಲ್ಲಿ ತೋಡರಿಗೆ ಸಲ್ಲಿಸುತ್ತಿದ್ದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೆಟ್ಟಕ್ಕೆ ತಡವಾಗಿ ಬಂದ ಬೇಸಾಯಗಾರರು ಮೊದಲೇ ಇದ್ದವರ ನೆಲದ ಹಕ್ಕನ್ನು ವರ್ಷವರ್ಷವೂ ಕಾಳಿನ ರೂಪದಲ್ಲಿ ಒಪ್ಪಿಕೊಳ್ಳುತ್ತಿದ್ದರು. ದಂಡನಾಯಕನು ಬಿರುದಿನಿಂದ ಪಡೆದ ಬೆಟ್ಟಕ್ಕೂ ಬಡಗನು ಗೂಡು ಕೊಟ್ಟು ಬದುಕಿದ ಬೆಟ್ಟಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಬಡಗು ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ಕನ್ನಡಕ್ಕೆ ಅದು ಹತ್ತಿರದ ನುಡಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಸ್ವರಗಳ ವ್ಯವಸ್ಥೆಯೇ ಬೇರೆ, ಆಡುವವರ ಸ್ವಾಭಿಮಾನವೂ ಬೇರೆ. ಬಾಸೆಲ್ ಮಿಶನ್ ಕೇತಿಯಲ್ಲಿ 1846ರಲ್ಲಿ ನೆಲೆಯೂರಿದಾಗ ಪಾದ್ರಿಗಳು ಬಡಗರಿಗೆ ಕನ್ನಡದಲ್ಲಿಯೇ ಬೋಧಿಸಿದರು, ಶಾಲೆ ನಡೆಸಿದರು. ಮಂಗಳೂರು, ಧಾರವಾಡಗಳಲ್ಲಿ ಕನ್ನಡವನ್ನು ಕಲಿತಿದ್ದ ಮಿಶನ್ನಿಗೆ ಇದು ಸಹಜವಾದ ಆಯ್ಕೆಯಾಗಿತ್ತು. 1890ರಲ್ಲಿ ಲೂಕನ ಸುವಾರ್ತೆ ಬಡಗು ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಮುಂದೆ ಆಡಳಿತವೂ ಶಾಲೆಯೂ ತಮಿಳಿಗೆ ತಿರುಗಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು; ಕನ್ನಡ ಲಿಪಿಯ ಆ ಪುಸ್ತಕ ಇಂದು ಗ್ರಂಥಾಲಯದ ವಸ್ತುವಾಗಿದೆ.

ಮೈಸೂರು ಅರಸರ ಕಾಲದಲ್ಲಿ ಬೆಟ್ಟವು ಕಂದಾಯದ ಲೆಕ್ಕಕ್ಕೂ ಕೋಟೆಗಳ ಜಾಲಕ್ಕೂ ಸೇರಿತ್ತು. ಸೀಗೂರು ಕಣಿವೆಯ ಮೇಲಿನ ಮಲೆಕೋಟೆ, ಕೂನೂರಿನ ಬಳಿಯ ಹುಲಿಕಲ್ ದುರ್ಗ ಇವು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಳಕೆಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀಲಗಿರಿ ಕಂಪನಿಯ ಪಾಲಾಗಿ ಕೊಯಮತ್ತೂರಿಗೆ ಸೇರಿತು. ಹೀಗೆ ಸಲ್ಲಿವನ್ 1819ರಲ್ಲಿ ‘ಶೋಧಿಸಿದ್ದು’ ಇಪ್ಪತ್ತು ವರ್ಷಗಳಿಂದ ಕಂಪನಿಯ ಸ್ವಾಧೀನದಲ್ಲಿಯೇ ಇದ್ದ ನಾಡನ್ನು. 1812ರಲ್ಲಿ ಕೀಸ್ ಮತ್ತು ಮೆಕ್‌ಮಹನ್ ಎಂಬ ಸರ್ವೇಯರರು ಅಲ್ಲಿಗೆ ಹೋಗಿ ಬಂದಿದ್ದರು. ಸಲ್ಲಿವನ್‌ನಿಂದ ಆದದ್ದು ಬೇರೆ: ಅವನು ಬೆಟ್ಟವನ್ನು ಬಿಳಿಯರ ವಾಸಸ್ಥಳವಾಗಿಸಿದನು. ಬಡಗರ ಹಳ್ಳಿ ಕನ್ನೇರಿಮೂಕೆಯಲ್ಲಿ ಮನೆ ಕಟ್ಟಿ, ಬಳಿಕ ಉದಕಮಂಡಲದಲ್ಲಿ ಸ್ಟೋನ್‌ಹೌಸನ್ನು ಎಬ್ಬಿಸಿದನು. ಅವನಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತನ್ನೂ ಹೇಳಬೇಕು. ತೋಡರ ಭೂಹಕ್ಕನ್ನು ಸರ್ಕಾರ ಮನ್ನಿಸಬೇಕೆಂದು ತನ್ನ ಮೇಲಧಿಕಾರಿಗಳೊಂದಿಗೆ ದೀರ್ಘಕಾಲ ವಾದಿಸಿದವನೂ ಅವನೇ. ಆ ವಾದ ಗೆಲ್ಲಲಿಲ್ಲ.

ಇಂದಿನ ಪ್ರವಾಸಿ ಕಾಣುವ ಹಸಿರು ಆಮೇಲಿನದು. ಚಹದ ಗಿಡಗಳನ್ನು 1830ರ ದಶಕದಲ್ಲಿಯೇ ಕೇತಿಯ ಸರ್ಕಾರಿ ತೋಟದಲ್ಲಿ ಪ್ರಯೋಗಕ್ಕೆ ನೆಟ್ಟಿದ್ದರೂ ತೋಟಗಾರಿಕೆಯಾಗಿ ಅದು ಹಬ್ಬಿದ್ದು 1860ರ ಹೊತ್ತಿಗೆ. ಅದೇ ಕಾಲಕ್ಕೆ ದೊಡ್ಡಬೆಟ್ಟ ಮತ್ತು ನಡುವಟ್ಟದಲ್ಲಿ ಸಿಂಕೋನ ತೋಟಗಳನ್ನು ಎಬ್ಬಿಸಲು ಕೈದಿಗಳನ್ನು ದುಡಿಸಲಾಯಿತು. ಅವರಲ್ಲಿ ಚೀನೀಯರೂ ಇದ್ದರು. ಗೂಡಲೂರಿನಿಂದ ಉದಕಮಂಡಲಕ್ಕೆ ಏರುವ ಬಸ್ಸು ನಡುವಟ್ಟದ ಸೆರೆಮನೆಯ ಊರನ್ನು ಹಾದೇ ಹೋಗುತ್ತದೆ. 1868ರಲ್ಲಿ ನೀಲಗಿರಿ ಕೊಯಮತ್ತೂರಿನಿಂದ ಬೇರ್ಪಟ್ಟು ಪ್ರತ್ಯೇಕ ಆಡಳಿತ ಘಟಕವಾಯಿತು. ದಕ್ಷಿಣ ಭಾರತದ ತೋಟಮಾಲೀಕರ ಒಕ್ಕೂಟ ‘ಉಪಾಸಿ’ 1893ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರ ಕೇಂದ್ರ ಕಚೇರಿ ಆಮೇಲೆ ಕೂನೂರಿಗೆ ಹೋಯಿತು. ಸ್ವಾತಂತ್ರ್ಯಾನಂತರ ಬಡಗರೂ ಸಾಮೆ, ರಾಗಿ, ಆಲೂಗಡ್ಡೆಗಳ ಹೊಲದಲ್ಲಿ ಚಹ ಹಾಕಿ ಸಣ್ಣ ಬೆಳೆಗಾರರಾದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ತಮಿಳು ಕಾರ್ಮಿಕರಿಗಾಗಿ ಸರ್ಕಾರವೇ ತೋಟಗಳನ್ನು ತೆರೆಯಿತು. 1976ರಲ್ಲಿ ಅವು ‘ಟ್ಯಾನ್‌ಟೀ’ ನಿಗಮವಾದವು. ಹಸಿರೆಲೆಯ ಬೆಲೆ 1990ರ ದಶಕದ ಕೊನೆಯಲ್ಲಿ ಕುಸಿದಾಗ ಹಟ್ಟಿಗಳು ಅನುಭವಿಸಿದ ಸಂಕಟ ಪ್ರವಾಸಿಯ ಛಾಯಾಚಿತ್ರದಲ್ಲಿ ಕಾಣುವಂಥದಲ್ಲ. ಒಂದೇ ಬೆಳೆಗೆ ಒಪ್ಪಿಸಿಕೊಂಡ ಬೆಟ್ಟಕ್ಕೆ ಆ ಬೆಳೆಯ ಬೆಲೆಯನ್ನು ನಿರ್ಧರಿಸುವ ಅಧಿಕಾರ ಇರಲಿಲ್ಲ.

ಕಾಡಿನ ಕಥೆಯೂ ಬೇಟೆಯಿಂದಲೇ ಶುರುವಾಗುತ್ತದೆ. 1877ರಲ್ಲಿ ಸ್ಥಾಪನೆಯಾದ ಬೇಟೆಗಾರರ ಸಂಘ ಮತ್ತು 1879ರ ಕಾಯಿದೆ ಬೇಟೆಯ ಪ್ರಾಣಿ ಮುಗಿದುಹೋಗದಂತೆ ನೋಡಿಕೊಳ್ಳಲು ಬಂದವು. ಮೂಲತಃ ಅದು ಬೇಟೆಗಾರನ ಕಾಳಜಿ. ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು. ಗಡಿಯಾಚೆ ಮೈಸೂರು ಸಂಸ್ಥಾನವು 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ರಚಿಸಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳವು ಕರ್ನಾಟಕ, ತಮಿಳುನಾಡು, ಕೇರಳಗಳ ಕಾಡನ್ನು ಒಂದೆಂದು ಪರಿಗಣಿಸಿತು. ಆನೆಗೆ ಈ ಮಾತು ಮೊದಲೇ ಗೊತ್ತಿತ್ತು. ಮೋಯಾರಿನ ದಂಡೆಯ ಸೀಗೂರು ಪ್ರಸ್ಥಭೂಮಿಯಲ್ಲಿ ಅದು ನಡೆಯುವ ಹಾದಿಯನ್ನು ರೆಸಾರ್ಟುಗಳು ಕಟ್ಟಿಹಾಕಿದ್ದರಿಂದ ವಿವಾದ ನ್ಯಾಯಾಲಯ ಏರಿ, 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆನೆಯ ಹಾದಿಯ ಪರವಾಗಿ ಕೊಟ್ಟ ತೀರ್ಪನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಈ ಪ್ರಸ್ಥಭೂಮಿಯ ಮೇಲೆಯೇ ಬಡಗರ ಐತಿಹ್ಯದ ಅಣ್ಣತಮ್ಮಂದಿರು ನಡೆದದ್ದು, ಮಲೆಕೋಟೆಯ ಕಾವಲುಗಾರರು ಕಣ್ಣಿಟ್ಟದ್ದು.

ಬೆಟ್ಟವನ್ನು ಹತ್ತುವವರ ಎಣಿಕೆ ಈಗ ಕಾಳು, ಕಂದಾಯಗಳಲ್ಲಿ ನಡೆಯುವುದಿಲ್ಲ. 2009ರಿಂದ ಬಂಡೀಪುರದ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಸಂಚಾರಕ್ಕೆ ನಿರ್ಬಂಧ ಬಂದಿತು. 2024ರ ಮೇ 7ರಿಂದ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ, ಹೊರಗಿನ ವಾಹನಗಳು ನೀಲಗಿರಿಗೆ ಪ್ರವೇಶಿಸಲು ಇ-ಪಾಸ್ ಪಡೆಯಬೇಕೆಂಬ ನಿಯಮ ಜಾರಿಗೆ ಬಂದಿತು. ಗುಂಡ್ಲುಪೇಟೆಯಿಂದ ಹೊರಟ ಪ್ರವಾಸಿ ಎರಡು ರಾಜ್ಯಗಳ ಗಡಿಯನ್ನು ದಾಟುವುದು ಒಂದು ಸಣ್ಣ ತೊರೆಯ ಬಳಿ. ಕರ್ನಾಟಕದವರು ಅದನ್ನು ಕೆಕ್ಕನಹಳ್ಳ ಎನ್ನುತ್ತಾರೆ, ತಮಿಳುನಾಡಿನವರು ಕಕ್ಕನಳ್ಳ ಎನ್ನುತ್ತಾರೆ. ತಪಾಸಣಾ ಠಾಣೆಯ ಈಚೆಗೂ ಆಚೆಗೂ ಹೆಸರಿನ ಕೊನೆಯಲ್ಲಿ ಉಳಿದಿರುವುದು ಅದೇ ಹಳ್ಳ.